ಬೇಲೂರನ್ನು ಕೊನೆಗೆ ಇಟ್ಟುಕೊಳ್ಳಿ: ಹಾಸನದ ಹಳ್ಳಿಗುಡಿಗಳು, ನದಿದಡ, ಘಟ್ಟಗಳಿಗೆ ಒಂದು ಮಾರ್ಗದರ್ಶಿ

ಹಾಸನಕ್ಕೆ ಬರುವವರ ಪಟ್ಟಿ ಹೆಚ್ಚುಕಡಿಮೆ ಒಂದೇ ಬಗೆಯದು. ಬೆಳಿಗ್ಗೆ ಶ್ರವಣಬೆಳಗೊಳ, ಮಧ್ಯಾಹ್ನ ಹಳೇಬೀಡು, ಸಂಜೆ ಬೇಲೂರು, ರಾತ್ರಿಗೆ ಸಕಲೇಶಪುರದ ಯಾವುದಾದರೂ ಹೋಂಸ್ಟೇ. ವಾಪಸು ಹೋಗುವ ಹೊತ್ತಿಗೆ ಮೊಬೈಲಿನಲ್ಲಿ ನೂರಾರು ಚಿತ್ರಗಳು ತುಂಬಿರುತ್ತವೆ. ಯಾವ ಚಿತ್ರ ಯಾವ ಗುಡಿಯದು ಎಂದು ಕೇಳಿದರೆ ತಡವರಿಸುತ್ತಾರೆ. ‘ಎಲ್ಲ ಗುಡಿಗಳೂ ಒಂದೇ ತರಹ ಇವೆಯಲ್ಲ’ ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಈ ಜಿಲ್ಲೆಯಲ್ಲಿ ಬದುಕುತ್ತಿರುವ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇದರಲ್ಲಿ ನೋಡುವವರ ತಪ್ಪೇನೂ ಇಲ್ಲ. ನೋಡುವ ಕ್ರಮ ತಲೆಕೆಳಗಾಗಿದೆ, ಅಷ್ಟೇ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಅಂಗೈಯಗಲ ಜಾಗವೂ ಖಾಲಿ ಇಲ್ಲ. ಹೊಯ್ಸಳರ ಗುಡಿಯನ್ನು ಮೊದಲ ಸಲ ನೋಡುವ ಕಣ್ಣಿಗೆ ಅಲ್ಲಿ ಎಲ್ಲಿ ನಿಲ್ಲಬೇಕೆಂದೇ ತಿಳಿಯುವುದಿಲ್ಲ. ಅದರ ಬದಲು ಹಳ್ಳಿಯ ಚಿಕ್ಕ ಗುಡಿಗಳಿಂದ ಆರಂಭಿಸಿ, ಒಂದೊಂದೇ ಅಂಶವನ್ನು ಗುರುತಿಸುವುದು ರೂಢಿಯಾದ ಮೇಲೆ ಬೇಲೂರಿಗೆ ಬಂದು ನೋಡಿ. ಆಗ ಆ ಗುಡಿಯ ಗೋಡೆ ನಿಮ್ಮೊಂದಿಗೆ ಮಾತಿಗೆ ನಿಲ್ಲುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ಗುಡಿಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಜನರ ಗಮನ ಆ ಮೂರರ ಮೇಲಿದೆ. ನಾನು ಕೆಳಗೆ ಹೇಳುವ ಬಹುಪಾಲು ಗುಡಿಗಳಲ್ಲಿ ವಾರದ ದಿನ ನೀವು, ಕಾವಲುಗಾರ ಮತ್ತು ಪಾರಿವಾಳಗಳು ಮಾತ್ರ ಇರುತ್ತೀರಿ.

ಯಾವಾಗ ಬರಬೇಕು, ಎಲ್ಲಿ ಉಳಿಯಬೇಕು

ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಗುಡಿ ನೋಡಲು ಹೇಳಿ ಮಾಡಿಸಿದ ಕಾಲ. ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲಿಕೊಂಡು ಸಾಗುವುದರಿಂದ ದಕ್ಷಿಣದ ಗೋಡೆಗಳ ಮೇಲೆ ದಿನವಿಡೀ ಓರೆ ಬಿಸಿಲು ಬೀಳುತ್ತದೆ. ಓರೆ ಬಿಸಿಲಿನಲ್ಲಿ ಶಿಲ್ಪದ ಆಳ ಕಾಣುತ್ತದೆ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲವೂ ಚಪ್ಪಟೆ. ಇದು ಅವರೆಕಾಯಿಯ ಕಾಲವೂ ಹೌದು. ಡಿಸೆಂಬರ್, ಜನವರಿಯಲ್ಲಿ ಹಾಸನದ ಯಾವ ಮನೆಯಲ್ಲಿ ಊಟಕ್ಕೆ ಕೂತರೂ ಹಿತಕಿದ ಅವರೆಬೇಳೆಯ ಸಾರು ನಿಮ್ಮ ತಟ್ಟೆಗೆ ಬರುತ್ತದೆ. ಯಾರಾದರೂ ಊಟಕ್ಕೆ ಕರೆದರೆ ಸಂಕೋಚ ಮಾಡಬೇಡಿ.

ದೀಪಾವಳಿಯ ಆಸುಪಾಸಿನಲ್ಲಿ ಬರುವವರು ಒಂದು ವಿಷಯ ಗಮನದಲ್ಲಿಡಬೇಕು. ಹಾಸನಾಂಬೆಯ ಗುಡಿ ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆಯ ನಂತರದ ಗುರುವಾರ ತೆರೆದು, ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ. ಆ ದಿನಗಳಲ್ಲಿ ನಾಡಿನ ಮೂಲೆಮೂಲೆಯಿಂದ ಭಕ್ತರು ಬರುತ್ತಾರೆ. ಲಾಡ್ಜಿನಲ್ಲಿ ಕೋಣೆ ಸಿಗುವುದಿಲ್ಲ, ಬಸ್ಸುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಮ್ಮನವರ ದರ್ಶನವೇ ಉದ್ದೇಶವಾದರೆ ಬನ್ನಿ. ಗುಡಿಗಳನ್ನು ಸಾವಧಾನವಾಗಿ ನೋಡುವ ಆಸೆಯಿದ್ದರೆ ಆ ಎರಡು ವಾರ ಬಿಟ್ಟು ಬನ್ನಿ.

ಉಳಿಯಲು ಹಾಸನ ಪಟ್ಟಣವೇ ಸರಿ. ಇಲ್ಲಿಂದ ನಾಲ್ಕೂ ದಿಕ್ಕಿಗೆ ರಸ್ತೆಗಳಿವೆ, ಬೇಲೂರು, ಹಳೇಬೀಡು, ಅರಸೀಕೆರೆಗೆ ಬಸ್ಸುಗಳು ಮೇಲಿಂದ ಮೇಲೆ ಹೊರಡುತ್ತವೆ. ಬೆಂಗಳೂರಿನಿಂದ ರೈಲಿನಲ್ಲೂ ಬರಬಹುದು. ಕುಣಿಗಲ್, ಶ್ರವಣಬೆಳಗೊಳದ ಮೇಲೆ ಬರುವ ಮಾರ್ಗ 2017ರಲ್ಲಿ ಆರಂಭವಾದ ಮೇಲೆ ಈ ಪ್ರಯಾಣ ಬಹಳ ಹಗುರವಾಗಿದೆ. ಹಳ್ಳಿಗುಡಿಗಳಿಗೆ ಮಾತ್ರ ಸ್ವಂತ ವಾಹನವಿದ್ದರೆ ಒಳ್ಳೆಯದು. ಇಲ್ಲದಿದ್ದರೆ ದಿನದ ಲೆಕ್ಕಕ್ಕೆ ಟ್ಯಾಕ್ಸಿ ಗೊತ್ತು ಮಾಡಿಕೊಳ್ಳಿ. ಗುಡಿಗಳ ಹೆಸರನ್ನೆಲ್ಲ ಚಾಲಕರಿಗೆ ಮೊದಲೇ ಹೇಳಿ ಒಪ್ಪಿಸಿಕೊಳ್ಳಬೇಕು. ‘ಹಳೇಬೀಡು, ಬೇಲೂರು’ ಎಂದಷ್ಟೇ ಹೇಳಿ ಹೊರಟರೆ ದಾರಿಯ ನಡುವೆ ಒಳರಸ್ತೆಗೆ ತಿರುಗಿಸಲು ಅವರಿಗೆ ಮನಸ್ಸಾಗುವುದಿಲ್ಲ.

ಜೊತೆಗಿರಬೇಕಾದವು: ಒಂದು ಒಳ್ಳೆಯ ಟಾರ್ಚು, ನೀರು, ಹತ್ತು ಇಪ್ಪತ್ತರ ಚಿಲ್ಲರೆ ನೋಟು, ಬಿಸಿಲಿಗೆ ಕಾದ ಕಲ್ಲಿನ ಮೇಲೆ ನಡೆಯಲು ಕಾಲುಚೀಲ. ಟಾರ್ಚನ್ನು ಮರೆಯಲೇಬೇಡಿ. ನವರಂಗದ, ಅಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದ, ಕತ್ತಲೆಯಲ್ಲಿ ಮೊಬೈಲಿನ ಬೆಳಕು ಹರಡಿಹೋಗುತ್ತದೆ, ಮೇಲ್ಛಾವಣಿಯ ಕೆತ್ತನೆ ಕಾಣಬೇಕಾದರೆ ಕಿರಿದಾದ ಗಟ್ಟಿ ಬೆಳಕು ಬೇಕು.

ಮೊದಲ ದಿನ: ದೊಡ್ಡಗದ್ದವಳ್ಳಿಯಿಂದ ಶುರು

ಬೆಳಿಗ್ಗೆ ಎಂಟರೊಳಗೆ ಹೊರಡಿ. ಬೇಲೂರು ರಸ್ತೆಯಲ್ಲಿ ಸುಮಾರು ಹದಿನಾರು ಕಿಲೋಮೀಟರ್ ಸಾಗಿ ಒಳರಸ್ತೆಗೆ ತಿರುಗಿದರೆ ಕೆರೆಯ ಪಕ್ಕದಲ್ಲೇ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿ ಕಾಣುತ್ತದೆ. ಸುಮಾರು 1113ರಲ್ಲಿ, ವಿಷ್ಣುವರ್ಧನ ಆಳುತ್ತಿದ್ದಾಗ, ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಆತನ ಮಡದಿ ಸಹಜಾದೇವಿ ಕಟ್ಟಿಸಿದ್ದು. ಅರಸನೂ ದಂಡನಾಯಕನೂ ಅಲ್ಲದ ಒಬ್ಬ ವ್ಯಾಪಾರಿ ಮತ್ತು ಆತನ ಹೆಂಡತಿ ಸೇರಿ ಕಟ್ಟಿಸಿದ ಈ ಗುಡಿ ಹೊಯ್ಸಳ ಶೈಲಿಯಲ್ಲಿ ಉಳಿದಿರುವ ಅತಿ ಹಳೆಯ ಗುಡಿಗಳಲ್ಲೊಂದು ಎಂಬುದೇ ನನಗೆ ಈ ಜಾಗದ ಮೇಲೆ ವಿಶೇಷ ಪ್ರೀತಿ ಹುಟ್ಟಿಸಿದೆ.

ಇಲ್ಲಿ ನೋಡಬೇಕಾದ ಮೊದಲ ಸಂಗತಿ ಬರಿಯ ಗೋಡೆ. ಹೊರಗೋಡೆಯಲ್ಲಿ ದೇವತೆಗಳ ಸಾಲಿಲ್ಲ. ತೆಳ್ಳನೆಯ ಅರೆಗಂಬಗಳು, ನಡುನಡುವೆ ಪುಟ್ಟ ಗೋಪುರದ ಆಕಾರಗಳು ಇವೆ, ಅಷ್ಟೇ. ಹೊಯ್ಸಳ ಗುಡಿಯ ಎಲುಬಿನ ರಚನೆ ಇಲ್ಲಿ ಅಲಂಕಾರದ ಮರೆಯಿಲ್ಲದೆ ಕಾಣುತ್ತದೆ. ಗುಡಿಯ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಿ ಶಿಖರಗಳನ್ನು ಗಮನಿಸಿ. ನಾಲ್ಕು ಗರ್ಭಗುಡಿಗಳಿರುವ ಚತುಷ್ಕೂಟ ಇದು. ಮೂರು ಶಿಖರಗಳು ಮೆಟ್ಟಿಲು ಮೆಟ್ಟಿಲಾಗಿ ಏರುವ ಸರಳ ಕದಂಬ ಮಾದರಿಯವು. ಲಕ್ಷ್ಮಿಯ ಗರ್ಭಗುಡಿಯ ಮೇಲಿನದು ಮಾತ್ರ ಕುಸುರಿಯಿಂದ ತುಂಬಿದೆ. ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಒಂದೇ ಮಾಡಿನ ಮೇಲೆ ನಿಂತಿವೆ.

ಒಳಗೆ ಕಾಳಿಯ ಗುಡಿಯ ಬಾಗಿಲ ಎರಡು ಬದಿಗೆ ಬೇತಾಳಗಳಿವೆ. ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿದು ನೋಡಿ. ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಬರುತ್ತವೆ, ಗುಳಿಬಿದ್ದ ಹೊಟ್ಟೆ, ಉಬ್ಬಿದ ಕಣ್ಣು, ತೆರೆದ ಬಾಯಿ. ಸೊಗಸಿಗೆ ಹೆಸರಾದ ಹೊಯ್ಸಳ ಶಿಲ್ಪಿಗಳು ಭಯವನ್ನೂ ಇಷ್ಟು ಖಚಿತವಾಗಿ ಕೆತ್ತಬಲ್ಲರೆಂದು ಈ ಬಾಗಿಲಿಗೆ ಬರುವವರೆಗೆ ಯಾರಿಗೂ ಅನಿಸುವುದಿಲ್ಲ. 2020ರ ನವೆಂಬರಿನಲ್ಲಿ ಇಲ್ಲಿನ ಕಾಳಿಯ ವಿಗ್ರಹ ಒಡೆದ ಸ್ಥಿತಿಯಲ್ಲಿ ಪತ್ತೆಯಾಗಿ ಊರಿಗೆ ಊರೇ ನೊಂದಿತ್ತು. ಹಾಗಾಗಿ ಕಾವಲುಗಾರರು ಎಲ್ಲಿಂದ ಬಂದಿರಿ, ಯಾರು ಎಂದು ವಿಚಾರಿಸಿದರೆ ಬೇಸರಿಸದೆ ಉತ್ತರ ಕೊಡಿ.

ಕೀಲಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ, ಎಲ್ಲ ಹಳ್ಳಿಗುಡಿಗಳಿಗೂ ಇದು ಅನ್ವಯಿಸುತ್ತದೆ. ಬಾಗಿಲಿಗೆ ಬೀಗ ಬಿದ್ದಿದ್ದರೆ ಹಿಂದಿರುಗಬೇಡಿ. ಕೀಲಿ ಇರುವವರು ಸಾಮಾನ್ಯವಾಗಿ ಕೂಗಳತೆಯ ದೂರದಲ್ಲೇ ಇರುತ್ತಾರೆ. ಹತ್ತಿರದ ಮನೆ ಅಥವಾ ಅಂಗಡಿಯಲ್ಲಿ ‘ಅಣ್ಣಾ, ಗುಡಿ ನೋಡಬೇಕಿತ್ತು, ಕೀಲಿ ಯಾರ ಹತ್ತಿರ ಇದೆ?’ ಎಂದು ಕೇಳಿ. ಅರ್ಚಕರ ಮನೆಯಾದರೆ ‘ಸ್ವಾಮಿ, ನಿಮಗೆ ಬಿಡುವಾದಾಗ ಬನ್ನಿ, ಕಾಯುತ್ತೇವೆ’ ಎನ್ನಿ. ಊಟದ ಹೊತ್ತಿನಲ್ಲಿ ಅವಸರ ಮಾಡಬೇಡಿ. ಮಂಗಳಾರತಿಯ ತಟ್ಟೆಗೆ ಕಾಣಿಕೆ ಹಾಕಿ. ಗರ್ಭಗುಡಿಯ ಒಳಗಿನ ಚಿತ್ರ ತೆಗೆಯುವ ಮುನ್ನ ಒಂದು ಮಾತು ಕೇಳಿ, ಬೇಡವೆಂದರೆ ಕ್ಯಾಮೆರಾ ಮುಚ್ಚಿಡಿ. ಹೀಗೆ ನಡೆದುಕೊಂಡವರಿಗೆ ಅರ್ಚಕರು ತಾವಾಗಿಯೇ ದೀಪ ಹಿಡಿದು ಮೂಲೆಯ ಶಿಲ್ಪಗಳನ್ನು ತೋರಿಸುವುದನ್ನು ನಾನು ಕಂಡಿದ್ದೇನೆ.

ದೊಡ್ಡಗದ್ದವಳ್ಳಿಯಿಂದ ಮತ್ತೆ ಬೇಲೂರು ರಸ್ತೆಗೆ ಬಂದು ಹಗರೆಯ ಮೇಲೆ ಹಳೇಬೀಡಿಗೆ ಹೋಗಿ. ಆದರೆ ಅಲ್ಲಿನ ದೊಡ್ಡ ಗುಡಿಯಾದ ಹೊಯ್ಸಳೇಶ್ವರನ ಮುಂದೆ ಈಗಲೇ ನಿಲ್ಲಬೇಡಿ. ಅಲ್ಲಿಂದ ನಡೆದೇ ಹೋಗಬಹುದಾದ ಬಸದಿಹಳ್ಳಿಗೆ ಮುಂದುವರಿಯಿರಿ. ಮೂರು ಬಸದಿಗಳಲ್ಲಿ ಪಾರ್ಶ್ವನಾಥ ಬಸದಿ 1133ರದು. ಒಳಗಿನ ಕಂಬಗಳನ್ನು ಎಷ್ಟು ನಯವಾಗಿ ಉಜ್ಜಿದ್ದಾರೆಂದರೆ ಎದುರು ನಿಂತವರ ಬಿಂಬ ಕಾಣುತ್ತದೆ. ಕಂಬದ ಉಬ್ಬು ತಗ್ಗುಗಳಿಗೆ ತಕ್ಕಂತೆ ಬಿಂಬ ಉದ್ದವಾಗುತ್ತದೆ, ಕುಗ್ಗುತ್ತದೆ. ಕಂಬಗಳನ್ನು ಮುಟ್ಟದೆ ನೋಡಿ. ಸಾವಿರಾರು ಕೈಗಳ ಎಣ್ಣೆ, ಬೆವರು ಆ ಹೊಳಪನ್ನು ತಿನ್ನುತ್ತಿದೆ.

ಹಳೇಬೀಡಿಗೆ ಸಮೀಪದ ಹುಲಿಕೆರೆಯಲ್ಲಿ ಒಂದು ಕಲ್ಯಾಣಿಯಿದೆ. ಊರೊಳಗಿನ ಮನೆಗಳ ನಡುವೆ ಥಟ್ಟನೆ ನೆಲ ಬಾಯಿ ತೆರೆದಂತೆ ಮೆಟ್ಟಿಲುಗಳು ಕೆಳಗಿಳಿಯುತ್ತವೆ, ಮೆಟ್ಟಿಲುಗಳ ಸಾಲಿನಲ್ಲೇ ಶಿಖರ ಹೊತ್ತ ಪುಟ್ಟ ಪುಟ್ಟ ಗುಡಿಗಳು. ಅರ್ಧ ಗಂಟೆ ಸಾಕು. ಮಕ್ಕಳಿದ್ದರೆ ಕೈ ಬಿಡಬೇಡಿ, ಪಾಚಿ ಕಟ್ಟಿದ ಮೆಟ್ಟಿಲು ಜಾರುತ್ತದೆ.

ಊಟ ಮುಗಿಸಿ ಹತ್ತು ಹನ್ನೆರಡು ಕಿಲೋಮೀಟರ್ ದೂರದ ಬೆಳವಾಡಿಗೆ ಹೋಗಿ. ಅದು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಊರು. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರವರು ನಂಬಿದ್ದಾರೆ. ವೀರನಾರಾಯಣ ಗುಡಿ ಎರಡನೆಯ ವೀರಬಲ್ಲಾಳನ ಕಾಲದ್ದು. ತ್ರಿಕೂಟ. ಹಿಂಬದಿಯಲ್ಲಿ ವೀರನಾರಾಯಣ, ಮುಂದಿನ ದೊಡ್ಡ ಮಂಟಪದ ಎರಡು ಬದಿಯಲ್ಲಿ ವೇಣುಗೋಪಾಲ ಮತ್ತು ಯೋಗಾನರಸಿಂಹರು ಎದುರುಬದುರಾಗಿದ್ದಾರೆ. ಈ ಮಂಟಪದ ಒಂದು ಮೂಲೆಯಲ್ಲಿ ಕುಳಿತುಬಿಡಿ. ಕಡೆದು ನಯಗೊಳಿಸಿದ ಕಂಬಗಳ ಸಾಲು, ಅವುಗಳ ನಡುವೆ ಬೀಳುವ ಬೆಳಕು, ತಂಪು ನೆಲ. ಹೊಯ್ಸಳರು ಶಿಲ್ಪಗಳನ್ನು ಮಾತ್ರ ಕೆತ್ತಲಿಲ್ಲ, ಒಳಾಂಗಣದ ವಿಸ್ತಾರವನ್ನೂ ಯೋಚಿಸಿ ಕಟ್ಟಿದರು ಎಂಬುದು ಇಲ್ಲಿ ಗೊತ್ತಾಗುತ್ತದೆ. ವೇಣುಗೋಪಾಲನ ವಿಗ್ರಹವನ್ನು ನೋಡದೆ ಹೊರಡಬೇಡಿ.

ನಾಲ್ಕು ಗಂಟೆಗೆ ಹಳೇಬೀಡಿಗೆ ವಾಪಸಾಗಿ. ಹೊಯ್ಸಳೇಶ್ವರನ ಬಾಗಿಲುಗಳು ಪೂರ್ವಕ್ಕಿವೆ, ದೊಡ್ಡ ಶಿಲ್ಪಗಳ ಸಾಲು ಇರುವುದು ಹಿಂದಿನ, ಅಂದರೆ ಪಶ್ಚಿಮದ ಗೋಡೆಯಲ್ಲಿ. ಪ್ರವಾಸಿಗರ ಬಸ್ಸುಗಳು ಬೆಳಿಗ್ಗೆ ಬಂದು ಆ ಗೋಡೆಯನ್ನು ನೆರಳಿನಲ್ಲಿ ನೋಡಿ ಹೋಗುತ್ತವೆ. ಇಳಿಹೊತ್ತಿನ ಬಿಸಿಲು ನೇರವಾಗಿ ಅದೇ ಗೋಡೆಗೆ ಬೀಳುತ್ತದೆ.

ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತಾ ಹೋಗಿ. ತೀರಾ ಕೆಳಗೆ ಭಾರ ಹೊರುವ ಆನೆಗಳು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಆಮೇಲೆ ಪುರಾಣದ ಕಥೆಗಳು, ಮಕರ, ಕೊನೆಗೆ ಹಂಸ. ಇಂಥ ಒಂದೊಂದು ಅಡ್ಡಸಾಲಿಗೂ ಪಟ್ಟಿಕೆ ಎನ್ನುತ್ತಾರೆ. ಕಥೆಯ ಪಟ್ಟಿಕೆ ಕಣ್ಣಿನ ಎತ್ತರಕ್ಕೆ ಹತ್ತಿರ ಬರುವಂತೆ ಇಟ್ಟಿದ್ದಾರೆ. ಈ ಕ್ರಮ ಮನಸ್ಸಿನಲ್ಲಿ ಕೂತರೆ ಎರಡನೆಯ ದಿನದ ಗುಡಿಗಳಲ್ಲಿ ಮಾರ್ಗದರ್ಶಕರ ಅಗತ್ಯವೇ ಬೀಳುವುದಿಲ್ಲ.

ಎರಡನೆಯ ದಿನ: ಅರಸೀಕೆರೆಯ ದಿಕ್ಕಿಗೆ

ಅರಸೀಕೆರೆ ರಸ್ತೆಯಲ್ಲಿ ಹಾಸನದಿಂದ ಸುಮಾರು ಹತ್ತು ಕಿಲೋಮೀಟರ್‌ಗೆ ಕೊರವಂಗಲ ಸಿಗುತ್ತದೆ. ಎರಡನೆಯ ವೀರಬಲ್ಲಾಳ ಪಟ್ಟಕ್ಕೆ ಬಂದ 1173ರಲ್ಲಿ ಬೂಚಿರಾಜ ಕಟ್ಟಿಸಿದ ಬೂಚೇಶ್ವರ ಗುಡಿ ಇಲ್ಲಿದೆ. ಶಿವನಿಗೆ ಎದುರಾಗಿ ಸೂರ್ಯನಿಗೂ ಗರ್ಭಗುಡಿಯಿದೆ. ಸುತ್ತ ಹೊಲ, ತೆಂಗಿನ ತೋಟ, ಎದುರಿಗೆ ಹಸಿರು ಹಾಸು. ಮನೆಯವರೆಲ್ಲ ಸೇರಿ ತಿಂಡಿಯ ಡಬ್ಬಿ ಬಿಚ್ಚಬೇಕೆಂದಿದ್ದರೆ ಆವರಣದ ಹೊರಗೆ ಮರದ ನೆರಳು ನೋಡಿಕೊಂಡು ಕೂರಿ, ಕಸವನ್ನು ವಾಪಸು ಒಯ್ಯಿರಿ.

ಅರಸೀಕೆರೆಯ ಮೇಲೆ ಲಕ್ಷಾಂತರ ಜನ ರೈಲಿನಲ್ಲಿ ಹಾದುಹೋಗುತ್ತಾರೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದ ದೊಡ್ಡ ಜಂಕ್ಷನ್ ಅದು. ಆ ಊರಿನಲ್ಲಿ ನಾಡಿನಲ್ಲೇ ಅಪರೂಪದ ಒಂದು ಗುಡಿಯಿದೆ ಎಂಬುದು ರೈಲು ಬದಲಿಸಲು ಗಂಟೆಗಟ್ಟಲೆ ಪ್ಲಾಟ್‌ಫಾರಂ ಮೇಲೆ ಕೂತವರಿಗೂ ತಿಳಿದಿಲ್ಲ. 1220ರ ಈಶ್ವರ ಗುಡಿಯನ್ನು ಇಲ್ಲಿನವರು ಶಿವಾಲಯ ಎನ್ನುತ್ತಾರೆ. ಅದರ ಗರ್ಭಗುಡಿಯ ತಳವಿನ್ಯಾಸ ಹದಿನಾರು ಮೂಲೆಗಳ ನಕ್ಷತ್ರ. ಮುಂದಿನ ತೆರೆದ ಮಂಟಪವೂ ನಕ್ಷತ್ರದ ಆಕಾರದ್ದೇ, ಮೇಲೆ ಗುಮ್ಮಟದಂಥ ಛಾವಣಿ. ಮಂಟಪದ ನಡುವೆ ನಿಂತು ತಲೆಯೆತ್ತಿ ನೋಡಿ, ಆಮೇಲೆ ಹೊರಗೆ ಬಂದು ಸುತ್ತಿ ನೋಡಿ. ಇಂಥ ಮಂಟಪ ಇನ್ನೊಂದು ಹೊಯ್ಸಳ ಗುಡಿಯಲ್ಲಿ ನಿಮಗೆ ಸಿಗಲಾರದು. ರೈಲು ಬದಲಿಸಲು ಎರಡು ಗಂಟೆ ಸಿಕ್ಕರೂ ಸಾಕು, ಆಟೋ ಹಿಡಿದು ನೋಡಿ ಬರಬಹುದು.

ಅಲ್ಲಿಂದ ಎಂಟು ಕಿಲೋಮೀಟರ್ ದೂರದ ಹಾರನಹಳ್ಳಿಗೆ ಬನ್ನಿ. ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಶಣ್ಣ ಎಂಬ ಸಹೋದರರು ಸುಮಾರು 1235ರಲ್ಲಿ ಇಲ್ಲಿ ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ ಗುಡಿಗಳನ್ನು ಕಟ್ಟಿಸಿದರು. ನಿನ್ನೆ ಹಳೇಬೀಡಿನಲ್ಲಿ ನೋಡಿದ ಎಂಟು ಪಟ್ಟಿಕೆಗಳು ಇಲ್ಲಿ ಆರಕ್ಕೆ ಇಳಿದಿವೆ: ಆನೆ, ಕುದುರೆ, ಬಳ್ಳಿ, ಕಥೆ, ಮಕರ, ಹಂಸ. ನೂರು ವರ್ಷಗಳಲ್ಲಿ ಪದ್ಧತಿ ಹೀಗೆ ಅಡಕವಾಯಿತು. ಮಕ್ಕಳನ್ನು ಕರೆತಂದಿದ್ದರೆ ಪಟ್ಟಿಕೆಗಳನ್ನು ಅವರೇ ಗುರುತಿಸಲಿ.

ಈ ಗೋಡೆಗಳಲ್ಲಿ ಹುಡುಕಬೇಕಾದ ಇನ್ನೊಂದು ವಸ್ತು ಶಿಲ್ಪಿಯ ಹೆಸರು. ವಿಗ್ರಹಗಳ ಕಾಲ ಬುಡದ ಪೀಠದಲ್ಲಿ ಹಳಗನ್ನಡದ ಲಿಪಿಯಲ್ಲಿ ಸಣ್ಣಗೆ ಕೊರೆದಿರುತ್ತಾರೆ. ಹೊಯ್ಸಳ ಶಿಲ್ಪಿಗಳಲ್ಲಿ ಮಲ್ಲಿತಮ್ಮನ ಹೆಸರು ಅಮೃತಾಪುರ, ಹಾರನಹಳ್ಳಿ, ನುಗ್ಗೇಹಳ್ಳಿ, ಸೋಮನಾಥಪುರ ಹೀಗೆ ಹಲವು ಕಡೆ ಸಿಗುತ್ತದೆ. ಓದಲು ಬಾರದಿದ್ದರೂ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರಗಳ ಗೆರೆ ಕಾಣುತ್ತದೆ. ಕಟ್ಟಿಸಿದವರ ಹೆಸರು ಶಾಸನದ ಕಲ್ಲಿನಲ್ಲಿ ಉಳಿಯುವುದು ಎಲ್ಲ ಕಡೆಯೂ ಇದೆ. ಉಳಿ ಹಿಡಿದವನು ತನ್ನ ಹೆಸರನ್ನು ತಾನೇ ಬರೆದುಕೊಳ್ಳುವಷ್ಟು ಗೌರವ ಈ ನಾಡಿನಲ್ಲಿತ್ತು ಎನ್ನುವುದು ನಾವೆಲ್ಲ ಎದೆ ತಟ್ಟಿ ಹೇಳಬೇಕಾದ ಮಾತು.

ಹಾರನಹಳ್ಳಿಯಿಂದ ಜಾವಗಲ್. ಕ್ರಿಕೆಟಿಗ ಶ್ರೀನಾಥ್ ಅವರ ಹೆಸರಿನ ಮುಂದಿರುವ ಊರು ಇದೇ. ಇಲ್ಲಿನ ಲಕ್ಷ್ಮೀನರಸಿಂಹ ಗುಡಿ ಸುಮಾರು 1250ರದು, ಇಂದಿಗೂ ಪೂಜೆ ನಡೆಯುವ, ಊರವರು ತುಂಬಿರುವ ಗುಡಿ. ಹೊತ್ತು ಮುಳುಗುವ ಮೊದಲು ಇಲ್ಲಿಗೆ ತಲುಪುವಂತೆ ನೋಡಿಕೊಳ್ಳಿ. ವಾಪಸು ಹಳೇಬೀಡಿನ ಮೇಲೆ ಹಾಸನಕ್ಕೆ ಬರಬಹುದು.

ಮೂರನೆಯ ದಿನ: ಎರಡು ದಾರಿಗಳು, ಒಂದನ್ನು ಆರಿಸಿ

ಗುಡಿಗಳ ರುಚಿ ಹತ್ತಿದ್ದರೆ ಪೂರ್ವಕ್ಕೆ, ಚನ್ನರಾಯಪಟ್ಟಣದ ಕಡೆಗೆ ಹೋಗಿ. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಗುಡಿಯನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ದಕ್ಷಿಣದ ಗೋಡೆ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಒಂದೇ ಗುಡಿಗೆ ಇಬ್ಬರು ಉಸ್ತಾದರು. ಮೊದಲು ದಕ್ಷಿಣದ ಹತ್ತು ವಿಗ್ರಹಗಳನ್ನು ನೋಡಿ, ಬಳಿಕ ಉತ್ತರದ ಹತ್ತನ್ನು ನೋಡಿ. ನಿಲುವು, ಮುಖಭಾವ, ಆಭರಣದ ಭಾರ, ತಲೆಯ ಮೇಲಿನ ಬಳ್ಳಿಯ ದಟ್ಟಣೆ ಇವುಗಳಲ್ಲಿ ವ್ಯತ್ಯಾಸ ಹುಡುಕಿ. ಯಾರ ಕೈ ನಿಮಗೆ ಹೆಚ್ಚು ಹಿಡಿಸಿತೆಂದು ಕಾರಿನಲ್ಲಿ ವಾದ ಮಾಡುತ್ತಾ ಹೋಗಬಹುದು. ನನ್ನ ಮತ ಬೈಚೋಜನ ಕಡೆಗೆ. ಅವನ ಮೂರ್ತಿಗಳಲ್ಲಿ ಒಂದು ಬಗೆಯ ಸಮಾಧಾನವಿದೆ.

ಅದೇ ದಿನ ಶ್ರವಣಬೆಳಗೊಳಕ್ಕೆ ಹೋಗುವುದಾದರೆ ಗೊಮ್ಮಟನ ದೊಡ್ಡಬೆಟ್ಟದ ಎದುರಿಗಿರುವ ಚಿಕ್ಕಬೆಟ್ಟವನ್ನು ಹತ್ತಿ. ಚಂದ್ರಗಿರಿ ಎಂದೂ ಕರೆಯುತ್ತಾರೆ. ಭದ್ರಬಾಹು ಗುಹೆ, ಹಳೆಯ ಬಸದಿಗಳು, ಬಂಡೆಯ ಮೇಲೆ ಕೊರೆದ ಶಾಸನಗಳ ದೊಡ್ಡ ಸಂಗ್ರಹ ಇರುವುದು ಇಲ್ಲಿ. ಸಲ್ಲೇಖನ, ಅಂದರೆ ಉಪವಾಸದಿಂದ ದೇಹ ಬಿಡುವ ಜೈನ ವ್ರತ, ಕೈಗೊಂಡವರ ನೆನಪಿಗೆ ಬರೆಸಿದ ಸಾಲುಗಳು ಕಾಲಬುಡದಲ್ಲೇ ಇವೆ, ಬೇಲಿ ಹಾಕಿದ ಕಡೆ ದಾಟಬೇಡಿ. ಊರಿಗೆ ಸಮೀಪದ ಜಿನನಾಥಪುರದ ಶಾಂತಿನಾಥ ಬಸದಿಗೂ ಹೋಗಿ ಬನ್ನಿ. ಜೈನ ಬಸದಿಗಳ ಹೊರಗೋಡೆ ಸಾಮಾನ್ಯವಾಗಿ ಬೋಳು. ಇಲ್ಲಿ ಹೊಯ್ಸಳ ಗುಡಿಗಳಂತೆಯೇ ಹೊರಗೋಡೆಯ ತುಂಬ ಮೂರ್ತಿಗಳಿವೆ.

ಕಲ್ಲು ಸಾಕು, ನೀರು ಬೇಕು ಎನಿಸಿದವರು ದಕ್ಷಿಣಕ್ಕೆ ಇಳಿಯಿರಿ. ದಾರಿಯಲ್ಲಿ ಮೊಸಳೆ ಗ್ರಾಮದ ಅವಳಿ ಗುಡಿಗಳಿಗೆ ಮುಕ್ಕಾಲು ಗಂಟೆ ಕೊಡಿ. ನಾಗೇಶ್ವರ, ಚೆನ್ನಕೇಶವ ಇಬ್ಬರಿಗೂ ಒಂದೇ ಅಳತೆಯ, ಒಂದೇ ವಿನ್ಯಾಸದ ಗುಡಿಗಳನ್ನು ಕೆಲವೇ ಅಡಿ ಅಂತರದಲ್ಲಿ ಕಟ್ಟಿದ್ದಾರೆ. ಹರಿಯೂ ಹರನೂ ನೆರೆಮನೆಯವರು. ಒಳಗಿನ ಛಾವಣಿಗಳು ಜಿಲ್ಲೆಯ ಅತ್ಯುತ್ತಮ ಛಾವಣಿಗಳ ಸಾಲಿಗೆ ಸೇರುತ್ತವೆ.

ಶೆಟ್ಟಿಹಳ್ಳಿಯ ಚರ್ಚು ಈಗ ಎಲ್ಲರಿಗೂ ಗೊತ್ತು, ಆದರೆ ಯಾವ ತಿಂಗಳಲ್ಲಿ ಹೋಗಬೇಕೆಂದು ಬಹಳ ಜನರಿಗೆ ಗೊತ್ತಿಲ್ಲ. 1860ರಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಈ ಚರ್ಚು ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಮಳೆಗಾಲ ಜೋರಾದ ಮೇಲೆ ಗೋಡೆಗಳ ಮೇಲ್ಭಾಗ ಮಾತ್ರ ನೀರಿನ ಮೇಲೆ ಕಾಣುತ್ತದೆ. ನೀರು ಇಳಿದ ಮೇಲೆ, ಫೆಬ್ರವರಿಯಿಂದ ಮೇ ತನಕ, ಹತ್ತಿರಕ್ಕೆ ನಡೆದು ಹೋಗಬಹುದು. ಕಟ್ಟಡದ ಭಾಗಗಳು ಈಚಿನ ವರ್ಷಗಳಲ್ಲಿ ಕುಸಿದಿವೆ. ದಯವಿಟ್ಟು ಗೋಡೆ ಹತ್ತಬೇಡಿ, ಕಮಾನಿನ ಕೆಳಗೆ ಚಿತ್ರಕ್ಕಾಗಿ ನಿಲ್ಲಬೇಡಿ. ನೀರಿನ ಅಂಚಿನ ಕೆಸರು ಗಟ್ಟಿಯಾಗಿ ಕಂಡರೂ ಕಾಲು ಹೂತುಹೋಗುತ್ತದೆ, ವಾಹನವನ್ನು ಅಂಚಿನವರೆಗೆ ಇಳಿಸಬೇಡಿ.

ಅರಕಲಗೂಡು ತಾಲ್ಲೂಕಿನ ಕಾವೇರಿ ದಡ ಈ ದಿನದ ಸೊಗಸು. ರಾಮನಾಥಪುರದಲ್ಲಿ ರಾಮೇಶ್ವರ ಗುಡಿಯ ಬಳಿ ನದಿಗಿಳಿಯುವ ಮೆಟ್ಟಿಲುಗಳಿವೆ. ವಹ್ನಿಪುಷ್ಕರಿಣಿ ಎನ್ನುವ ಮಡುವಿನಲ್ಲಿ ದೊಡ್ಡ ದೊಡ್ಡ ಮೀನುಗಳು. ಇಲ್ಲಿ ಮೀನು ಹಿಡಿಯುವಂತಿಲ್ಲ, ಅದಕ್ಕೇ ಅವು ಮನುಷ್ಯರಿಗೆ ಹೆದರದೆ ಮೆಟ್ಟಿಲ ತನಕ ಬರುತ್ತವೆ. ಒಂದು ಹಿಡಿ ಪುರಿ ಚೆಲ್ಲಿದರೆ ನೀರು ಕುದಿಯತೊಡಗುತ್ತದೆ. ಚಂಪಾಷಷ್ಠಿಗೆ ಇಲ್ಲಿನ ಸುಬ್ರಹ್ಮಣ್ಯನ ಜಾತ್ರೆ ಶುರುವಾಗುತ್ತದೆ. ಜಾತ್ರೆಯ ಗದ್ದಲ ಇಷ್ಟಪಡುವವರು ಆ ಹೊತ್ತಿಗೇ ಬರಬಹುದು.

ಸಂಗೀತದ ಒಲವಿದ್ದವರು ಅದೇ ದಡದ ರುದ್ರಪಟ್ಟಣಕ್ಕೆ ಹೋಗಲೇಬೇಕು. ಮನೆಮನೆಯಿಂದ ವಿದ್ವಾಂಸರು ಬಂದ ಊರು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಮುತುವರ್ಜಿಯಿಂದ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನಮಂದಿರ ಇಲ್ಲಿ ಎದ್ದು ನಿಂತಿದೆ. ಬೇಸಿಗೆಯಲ್ಲಿ ಸಂಗೀತೋತ್ಸವ ನಡೆಯುತ್ತದೆ. ಸೆಕೆಯ ದಿನ ಮುಗಿದು ಹೊಳೆಯಿಂದ ತಂಗಾಳಿ ಬೀಸುವ ಹೊತ್ತಿಗೆ ಹಳ್ಳಿಯ ಜನರ ನಡುವೆ ಚಾಪೆಯ ಮೇಲೆ ಕೂತು ಕಛೇರಿ ಕೇಳುವ ಅನುಭವವನ್ನು ನಗರದ ಯಾವ ಸಭಾಂಗಣವೂ ಕೊಡಲಾರದು. ಮೇ ತಿಂಗಳಲ್ಲಿ ಬರುವವರು ಮೊದಲೇ ದಿನಾಂಕ ವಿಚಾರಿಸಿಕೊಂಡು ಹೊರಡಿ.

ನಾಲ್ಕನೆಯ ಬೆಳಿಗ್ಗೆ: ಈಗ ಬೇಲೂರು

ಬೆಳಿಗ್ಗೆ ಎಂಟರ ಸುಮಾರಿಗೆ ಆವರಣದೊಳಗಿರಿ. ಗುಡಿ 1117ರದು. ದೊಡ್ಡಗ‌ದ್ದವಳ್ಳಿಯ ಬರಿಗೋಡೆಗೂ ಈ ಗೋಡೆಗೂ ನಡುವೆ ಕೆಲವೇ ವರ್ಷಗಳ ಅಂತರವೆಂದು ನೆನೆದರೆ ಎದುರಿಗಿರುವುದು ಎಂಥ ಜಿಗಿತವೆಂದು ಅರಿವಾಗುತ್ತದೆ. ಇಲ್ಲಿಯೂ ಮೊದಲು ಕೆಳಗಿನ ಪಟ್ಟಿಕೆ, ಆಮೇಲೆ ಜಾಲಂಧ್ರಗಳು ಎನ್ನುವ ಕಲ್ಲಿನ ಜಾಲರಿ ಕಿಟಕಿಗಳು, ಕೊನೆಗೆ ಸೂರಿನ ಕೆಳಗಿನ ಚೆಲುವೆಯರ ಶಿಲ್ಪಗಳಾದ ಮದನಿಕೆಯರು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರನ್ನು ಬಿಟ್ಟುಹೋಗಿರುವ ಮದನಿಕೆಯರನ್ನು ತೋರಿಸುವಂತೆ ಅಧಿಕೃತ ಮಾರ್ಗದರ್ಶಕರನ್ನು ಕೇಳಿ. ಹೀಗೆ ಹೆಸರು ಹಿಡಿದು ಕೇಳುವ ಪ್ರವಾಸಿಗರು ಸಿಕ್ಕರೆ ಅವರಿಗೂ ಖುಷಿ, ಬಾಯಿಪಾಠದ ವಿವರಣೆ ಬಿಟ್ಟು ತಮಗೆ ಪ್ರಿಯವಾದದ್ದನ್ನು ತೋರಿಸುತ್ತಾರೆ.

ಅಲ್ಲಿಂದ ಘಟ್ಟಕ್ಕೆ

ಬೇಲೂರಿನಿಂದ ಸಕಲೇಶಪುರಕ್ಕೆ ಕಾಫಿ ತೋಟಗಳ ನಡುವಿನ ರಸ್ತೆ. ಹೋಂಸ್ಟೇಗಳ ಬಗ್ಗೆ ನಾನು ಹೇಳಬೇಕಾದ್ದಿಲ್ಲ, ಬೇಕಾದಷ್ಟಿವೆ. ಹೆದ್ದಾರಿಯ ಪಕ್ಕದ ಮಂಜರಾಬಾದ್ ಕೋಟೆ, ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರಾಕಾರದ ಕೋಟೆ, ಒಂದು ಗಂಟೆಯ ಕೆಲಸ. ಅದಕ್ಕಿಂತ ಮುಖ್ಯವಾಗಿ ಎರಡು ಅನುಭವಗಳನ್ನು ಹೇಳುತ್ತೇನೆ.

ಒಂದು, ಕಾಫಿ ಹೂ. ಬೇಸಿಗೆಯ ಮೊದಲ ಮಳೆಯನ್ನು ಬೆಳೆಗಾರರು ಹೂಮಳೆ ಎನ್ನುತ್ತಾರೆ. ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವೆ ಯಾವಾಗಲಾದರೂ ಬರಬಹುದು. ಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡಗಳೆಲ್ಲ ಒಮ್ಮೆಲೇ ಬಿರಿಯುತ್ತವೆ. ರೆಂಬೆಯ ಗೆಣ್ಣುಗೆಣ್ಣಿಗೂ ಬಿಳಿ ಹೂವಿನ ಗೊಂಚಲು, ರಸ್ತೆಯ ತುಂಬ ಮಲ್ಲಿಗೆಯದೇ ಅನ್ನಿಸುವ ಪರಿಮಳ. ಮೂರು ನಾಲ್ಕು ದಿನಕ್ಕೆ ಕಂದಿಹೋಗುತ್ತದೆ. ಆದ್ದರಿಂದ ಮುಂಗಡ ಕಾದಿರಿಸಿ ಬರುವ ಪ್ರವಾಸಕ್ಕೆ ಇದು ಒಗ್ಗುವುದಿಲ್ಲ. ಪರಿಚಯದ ಬೆಳೆಗಾರರಿಗೋ ಹೋಂಸ್ಟೇಯವರಿಗೋ ‘ಹೂಮಳೆ ಬಿದ್ದ ದಿನ ಒಂದು ಫೋನ್ ಮಾಡಿ’ ಎಂದು ಹೇಳಿಟ್ಟಿರಿ. ತೋಟದೊಳಗೆ ಅಪ್ಪಣೆಯಿಲ್ಲದೆ ಕಾಲಿಡಬೇಡಿ, ಹೂ ಕೀಳಬೇಡಿ. ಪ್ರತಿ ಹೂವೂ ಒಂದು ಕಾಯಿ.

ಎರಡನೆಯದು ಬಿಸಿಲೆ. ಸಕಲೇಶಪುರದಿಂದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಇಳಿಯುವ ಕಾಡಿನ ದಾರಿ. ಮಂಕನಹಳ್ಳಿಯ ಬಳಿ ರಿಡ್ಜ್ ಎಂದು ಕರೆಯುವ ಜಾಗದಲ್ಲಿ ಒಂದು ಹಳೆಯ ಗುರುತಿನ ಕಲ್ಲಿದೆ. ಅದರ ಒಂದು ಬದಿಗೆ ಬಿದ್ದ ಮಳೆನೀರು ನೇತ್ರಾವತಿ ಸೇರಿ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಬದಿಗೆ ಬಿದ್ದದ್ದು ಹೇಮಾವತಿ, ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಮುಂದೆ ಬಿಸಿಲೆ ವೀಕ್ಷಣಾ ಸ್ಥಳದಿಂದ ಕುಮಾರಪರ್ವತದ ಸಾಲು ಎದುರಿಗೇ ಕಾಣುತ್ತದೆ. ಮಳೆಗಾಲದಲ್ಲಿ ಮಂಜು ಕವಿದು ಏನೂ ಕಾಣದಿರಬಹುದು, ಇಂಬಳಗಳ ಕಾಟವೂ ಇರುತ್ತದೆ. ಅಕ್ಟೋಬರ್ ನಂತರ ಹೋಗಿ.

ರೈಲು ಹಳಿಯ ಮೇಲಿನ ಚಾರಣದ ಆಸೆ ಹೊತ್ತು ಇನ್ನೂ ಯುವಕರು ಬರುತ್ತಾರೆ. ಅದು ಕಾನೂನಿನ ಪ್ರಕಾರ ಅಪರಾಧ, ಜೀವಕ್ಕೂ ಅಪಾಯ. ಸುರಂಗದೊಳಗೆ ರೈಲು ಬಂದರೆ ಸರಿದು ನಿಲ್ಲಲು ಜಾಗವಿರುವುದಿಲ್ಲ. ಅದೇ ದೃಶ್ಯಗಳನ್ನು ಹಗಲಿನ ಬೆಂಗಳೂರು–ಮಂಗಳೂರು ರೈಲಿನಲ್ಲಿ ಕೂತು ನೋಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗಗಳಿವೆ. 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಗಳೂ ಇವೆ. ರೈಲು ಎಲ್ಲ ದಿನವೂ ಇರುವುದಿಲ್ಲ, ಮಳೆಗಾಲದಲ್ಲಿ ಗುಡ್ಡ ಕುಸಿದು ರದ್ದಾಗುವುದೂ ಉಂಟು. ಹೊರಡುವ ಹಿಂದಿನ ದಿನ ವೇಳಾಪಟ್ಟಿ ನೋಡಿಕೊಳ್ಳಿ.

ಕೊನೆಯದಾಗಿ ಆನೆಗಳ ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ಕಾಫಿ ತೋಟಗಳಲ್ಲಿ ಕಾಡಾನೆಗಳು ವರ್ಷವಿಡೀ ಓಡಾಡುತ್ತವೆ. ಎಂಟು ವರ್ಷ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರಿನಲ್ಲಿ ಪ್ರಾಣ ಬಿಟ್ಟದ್ದು ಇದೇ ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯದಲ್ಲಿ, ಕಾಡಾನೆ ಸೆರೆಯ ಕಾರ್ಯಾಚರಣೆಯ ವೇಳೆ. ನಸುಕಿನಲ್ಲಿ, ಕತ್ತಲಾದ ಮೇಲೆ ತೋಟದ ರಸ್ತೆಗಳಲ್ಲಿ ನಡೆದಾಡಬೇಡಿ, ದ್ವಿಚಕ್ರ ವಾಹನದಲ್ಲಂತೂ ಹೋಗಲೇಬೇಡಿ. ಉಳಿದುಕೊಂಡ ಮನೆಯವರನ್ನು ‘ಇವತ್ತು ಆನೆ ಯಾವ ಕಡೆ ಇದೆ?’ ಎಂದು ಬೆಳಿಗ್ಗೆಯೇ ಕೇಳಿ. ಊರವರಿಗೆ ಅರಣ್ಯ ಇಲಾಖೆಯಿಂದ ಮೊಬೈಲಿಗೆ ಸಂದೇಶ ಬಂದಿರುತ್ತದೆ. ಆ ಕಡೆ ಬೇಡ ಎಂದು ಅವರು ಹೇಳಿದರೆ ಆ ದಿನದ ಯೋಜನೆ ಬದಲಿಸಿ.